'ಯಾರೋ ನಿಮ್ಮನ್ನು ಹುಡುಕುತ್ತಿದ್ದಾರೆ' ಎಂಬ ಪತ್ರ ಬಂದಾಗ

(ಚಾರ್ಮಾಡಿ ಪರಿಸರದ ಹಾಲು ಉತ್ಪಾದಕರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ. ಸಭೆಗೆ ಬರಲಾಗದ ಸದಸ್ಯರಿಗೂ ತಲುಪಲೆಂದು ಪ್ರಕಟಿಸಲಾಗಿದೆ.)



ಆಮಂತ್ರಣದಲ್ಲಿ ನನ್ನ ಹೆಸರಿನ ಎದುರು 'ಮಳೆಗಾಲದಲ್ಲಿ ಕೆಚ್ಚಲು ಬಾವು' ಎಂದು ಅಚ್ಚಾಗಿದೆ. ಆ ವಿಷಯವನ್ನು ಊಟದ ನಂತರಕ್ಕೆ ಇಟ್ಟುಕೊಳ್ಳೋಣ ಎಂದು ಅಧ್ಯಕ್ಷರಲ್ಲಿ ವಿನಂತಿಸಿ ಒಪ್ಪಿಗೆ ಪಡೆದಿದ್ದೇನೆ. ಈಗ ನಾನು ಮಾತನಾಡುವುದು ನಿಮ್ಮ ಮೊಬೈಲಿಗೆ ಬರುವ ಒಂದು ಬಗೆಯ ಪತ್ರದ ಕುರಿತು. ದನದ ಡಾಕ್ಟ್ರಿಗೆ ಇದರ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಈಚೆಗೆ ನಾನು ಹೋದ ಎಷ್ಟೋ ಹಟ್ಟಿಗಳಲ್ಲಿ ದನದ ಪರೀಕ್ಷೆ ಮುಗಿದು ಕೈ ತೊಳೆಯುವ ಹೊತ್ತಿಗೆ ಮನೆಯವರು ಮೊಬೈಲ್ ತಂದು, "ಡಾಕ್ಟ್ರೇ, ಇದೊಂದು ಏನಂತ ಓದಿ ಹೇಳಿ" ಎನ್ನುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇರುತ್ತಾರೆ. ಮನೆಯಲ್ಲಿ ಉಳಿದವರಿಗೆ ಇಂಗ್ಲಿಷಿನ ಪತ್ರ ಓದಿ ಹೇಳುವವರು ಬೇಕು. ಇದಲ್ಲದೆ ಈ ವಿಚಾರ ಒಂದು ಕಡೆ ನಮ್ಮ ಹಾಲಿನ ಬಟವಾಡೆಗೇ ಬಂದು ತಗುಲಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಆ ಪತ್ರದ ರೂಪ ಹೇಗಿರುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. 'ನಿಮ್ಮ ಶಾಲೆಯಲ್ಲಿ ಓದಿದ ಒಬ್ಬರು ನಿಮ್ಮನ್ನು ಹುಡುಕುತ್ತಿದ್ದಾರೆ.' 'ಹಳೆಯ ಗೆಳೆಯರೊಬ್ಬರು ನಿಮ್ಮ ವಿವರವನ್ನು ನೋಡಿದ್ದಾರೆ.' 'ಮೂವರು ನಿಮ್ಮ ಉತ್ತರಕ್ಕೆ ಕಾಯುತ್ತಿದ್ದಾರೆ.' ಒಕ್ಕಣೆ ಹೀಗೆ ಒಂದು ಸಾಲಿನದು. ಯಾರು ಎಂದು ಮಾತ್ರ ಹೇಳಿರುವುದಿಲ್ಲ. ಕೆಲವೊಮ್ಮೆ ಒಂದು ಭಾವಚಿತ್ರ ಇರುತ್ತದೆ, ಅದನ್ನು ಮಂಜು ಕವಿದ ಘಾಟಿಯಂತೆ ಮಸುಕು ಮಾಡಿರುತ್ತಾರೆ. ಯಾರೆಂದು ತಿಳಿಯಬೇಕಾದರೆ ಇಲ್ಲಿ ಒತ್ತಿ ಎಂದಿರುತ್ತದೆ. ಒತ್ತಿದರೆ ಇಷ್ಟು ರೂಪಾಯಿ ಚಂದಾ ಕಟ್ಟಿ ಎಂಬ ಪುಟ ತೆರೆದುಕೊಳ್ಳುತ್ತದೆ. ಹಳೆಯ ಸಹಪಾಠಿಗಳನ್ನು, ದೂರವಾದ ಬಂಧುಗಳನ್ನು ಮತ್ತೆ ಒಂದುಗೂಡಿಸುತ್ತೇವೆ ಎಂದು ಹೇಳಿಕೊಳ್ಳುವ ಅಂತರ್ಜಾಲ ತಾಣಗಳಿವೆ. ಈ ಪತ್ರಗಳು ಬಹುಪಾಲು ಅಲ್ಲಿಂದ ಬರುತ್ತವೆ.

ನನಗೆ ಇ-ಮೇಲೇ ಇಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರೋ ಹೇಳುತ್ತಿದ್ದಾರೆ. ಇದೆ, ಅಣ್ಣ. ಅಂಗಡಿಯಲ್ಲಿ ಹೊಸ ಮೊಬೈಲ್ ತೆಗೆದುಕೊಂಡ ದಿನ ಆ ಹುಡುಗ ಏನೇನೋ ಒತ್ತಿ ನಿಮ್ಮ ಹೆಸರಿನಲ್ಲಿ ಒಂದು ಇ-ಮೇಲ್ ವಿಳಾಸ ಮಾಡಿಯೇ ಕೊಟ್ಟಿರುತ್ತಾನೆ. ನಮ್ಮಲ್ಲಿ ಬಹಳ ಮಂದಿಗೆ ತಮ್ಮ ಮನೆಗೆ ಇನ್ನೊಂದು ಬಾಗಿಲಿದೆ ಎಂಬುದೇ ಗೊತ್ತಿಲ್ಲ.

ಇಂತಹ ಪತ್ರ ಊರೂರಿಗೂ ಬರುತ್ತದೆ. ಆದರೆ ನಮ್ಮ ಕಡೆ ಇದು ನಾಟುವಷ್ಟು ಬೇರೆ ಕಡೆ ನಾಟಲಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮದು ಹೊರಟು ಹೋದವರ ಊರು. ಏಳನೇ ತರಗತಿ ಮುಗಿಸಿ ಮುಂಬಯಿಯ ಹೋಟೆಲಿಗೆ ಹೋದ ಹುಡುಗರು, ಗಲ್ಫಿಗೆ ಹೋದವರು, ಘಾಟಿ ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆಯ ಕಡೆಯ ಕಾಫಿ ತೋಟಗಳಿಗೆ ಕೆಲಸಕ್ಕೆ ಹೋಗಿ ಅಲ್ಲೇ ಸಂಸಾರ ಹೂಡಿದವರು, ಮದುವೆಯಾಗಿ ದೂರದ ಊರು ಸೇರಿದ ಗೆಳತಿಯರು. ಹೀಗೆ ಪ್ರತಿ ಮನೆಯಲ್ಲೂ ಎಲ್ಲಿದ್ದಾನೋ ಎಂದು ಕೇಳುವ ಒಂದು ಹೆಸರು ಇರುತ್ತದೆ. ಮಕ್ಕಳು ಉಜಿರೆಯಲ್ಲಿ ಓದಿ ಮುಗಿಸಿದರೆ ಮುಂದಿನ ಬಸ್ಸು ಬೆಂಗಳೂರಿಗೇ. ಇಂತಹ ಊರಿನಲ್ಲಿ 'ಯಾರೋ ನಿಮ್ಮನ್ನು ಹುಡುಕುತ್ತಿದ್ದಾರೆ' ಎಂದರೆ ಓದುವವರು 'ಯಾರೋ' ಎಂದು ಓದುವುದಿಲ್ಲ. ಮನಸ್ಸು ಆ ಜಾಗದಲ್ಲಿ ತಾನೇ ಒಂದು ಹೆಸರನ್ನು ತುಂಬಿಕೊಳ್ಳುತ್ತದೆ. ಪತ್ರ ಬರೆದವನಿಗೆ ಆ ಹೆಸರು ತಿಳಿದಿರಬೇಕಾಗಿಲ್ಲ. ಜಾಗ ಖಾಲಿ ಬಿಟ್ಟರೆ ಅವನ ಕೆಲಸ ಮುಗಿಯಿತು.

ಈಗ ಬಟವಾಡೆಯ ವಿಚಾರಕ್ಕೆ ಬರುತ್ತೇನೆ. ಈ ಸುತ್ತಿನ ಒಂದು ಸಂಘದ ಸದಸ್ಯೆ, ಹೆಸರು ಬೇಡ, ಎರಡು ಮಿಶ್ರತಳಿ ದನ ಸಾಕುವವರು. ಒಂದು ದಿನ ಡೈರಿಗೆ ಬಂದು ಕಾರ್ಯದರ್ಶಿಯವರೊಡನೆ ಜೋರಾಗಿಯೇ ಮಾತಿಗಿಳಿದರು. ತಿಂಗಳು ತಿಂಗಳು ನನ್ನ ಖಾತೆಯಲ್ಲಿ 499 ರೂಪಾಯಿ ಕಡಿಮೆಯಾಗುತ್ತಿದೆ, ಯಾವ ಕಡಿತ ಇದು, ಷೇರಿನದೋ ವಿಮೆಯದೋ ಹೇಳಿ ಎಂದು ಅವರ ವಾದ. ಕಾರ್ಯದರ್ಶಿಯವರು ಲೆಕ್ಕದ ಪುಸ್ತಕ ತೆರೆದು ತೋರಿಸಿದರು. ಲೀಟರು, ಜಿಡ್ಡು, ದರ ಎಲ್ಲವೂ ಸರಿಯಾಗಿತ್ತು, ಕಡಿತ ಇರಲಿಲ್ಲ. ಆದರೂ ಅವರಿಗೆ ಸಮಾಧಾನವಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಇಬ್ಬರು, "ನಮ್ಮದನ್ನೂ ಒಮ್ಮೆ ನೋಡಬೇಕು" ಎನ್ನತೊಡಗಿದರು. ಇಷ್ಟು ವರ್ಷ ಕಟ್ಟಿದ ನಂಬಿಕೆ ಕಾಲು ಗಂಟೆಯಲ್ಲಿ ಅಲುಗಾಡುವುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ. ಕೃತಕ ಗರ್ಭಧಾರಣೆಯ ಲೆಕ್ಕ ನೋಡಲೆಂದು ಹೋದವನು ಅವರ ಬ್ಯಾಂಕ್ ಸಂದೇಶಗಳನ್ನು ಓದಲು ಕುಳಿತೆ. ಹಣ ಹೋಗುತ್ತಿದ್ದದ್ದು ಅಂತಹ ಒಂದು ತಾಣಕ್ಕೆ. ಐದು ತಿಂಗಳಲ್ಲಿ 2,495 ರೂಪಾಯಿ. ಹತ್ತಿರ ಹತ್ತಿರ ಎರಡು ಚೀಲ ಪಶು ಆಹಾರದ ಹಣ.

ಆದದ್ದು ಇಷ್ಟು. ಅವರ ಅಣ್ಣ ಚಿಕ್ಕಂದಿನಲ್ಲೇ ಮುಂಬಯಿಗೆ ಹೋದವನು. ಕೆಲವು ವರ್ಷ ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು, ಆಮೇಲೆ ನಿಂತಿತು. ನೆಂಟರ ಹುಡುಗನೊಬ್ಬ ತಮಾಷೆಗೆಂದು ಆ ತಾಣದಲ್ಲಿ ಇವರ ಹೆಸರು, ಶಾಲೆ, ಬಿಟ್ಟ ವರ್ಷ ಎಲ್ಲವನ್ನೂ ಉಚಿತವಾಗಿ ನೋಂದಾಯಿಸಿದ. ವಾರದೊಳಗೆ ಪತ್ರ ಬಂತು: ನಿಮ್ಮ ಶಾಲೆಯ ಒಬ್ಬರು ನಿಮ್ಮನ್ನು ಹುಡುಕುತ್ತಿದ್ದಾರೆ. ಅಣ್ಣ ಓದಿದ್ದೂ ಅದೇ ಶಾಲೆಯಲ್ಲಿ. ಚಂದಾ ಕಟ್ಟಿದರು. ತೆರೆದುಕೊಂಡ ಪಟ್ಟಿಯಲ್ಲಿ ನಾಲ್ಕು ಹೆಸರು, ನಾಲ್ಕೂ ಬೇರೆ ಜಿಲ್ಲೆಯವರು, ಒಬ್ಬರ ಪರಿಚಯವೂ ಇಲ್ಲ. ಕಟ್ಟಿದ್ದು ಒಂದೇ ಸಲದ ಚಂದಾ ಎಂದು ಅವರ ಎಣಿಕೆ. ಪ್ರತಿ ತಿಂಗಳೂ ತಾನಾಗಿ ಕಡಿತವಾಗಲು ಒಪ್ಪಿಗೆ ಕೊಟ್ಟಂತಾಗಿದೆ ಎಂಬುದು ಗೊತ್ತಿರಲಿಲ್ಲ. ನಾನು ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಅವರು ಒಂದೇ ಮಾತು ಹೇಳಿದರು. "ಹಣ ಹೋದದ್ದು ದೊಡ್ಡದಲ್ಲ ಡಾಕ್ಟ್ರೇ. ಆ ರಾತ್ರಿ ಅಣ್ಣ ಸಿಕ್ಕಿದ ಅಂತ ಎಣಿಸಿ ನಾನು ನಿದ್ದೆಯೇ ಮಾಡ್ಲಿಲ್ಲ."

ಕಾರ್ಯದರ್ಶಿಯವರು ಲೆಕ್ಕದ ಪುಸ್ತಕ ಮುಚ್ಚಿ ಅವರಿಗೆ ಚಾ ತರಿಸಿದರು. ಜಗಳ ಅಲ್ಲಿಗೆ ಮುಗಿಯಿತು. ಆದರೆ ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಈ ವಿಷಯ ಇಂದು ನಿಮ್ಮ ಮುಂದೆ ಇಡುತ್ತಿರುವುದೂ ಅದಕ್ಕಾಗಿಯೇ.

ಹಾಗಾದರೆ ಆ 'ಒಬ್ಬರು' ಯಾರು? ಇದನ್ನು ಸರಿಯಾಗಿ ತಿಳಿಯಬೇಕು, ಏಕೆಂದರೆ ಇದು ಪೂರ್ತಿ ಸುಳ್ಳೂ ಅಲ್ಲ. ಅದೇ ಶಾಲೆಯ ಹೆಸರನ್ನು ಬೇರೆ ಯಾರೋ ಆ ತಾಣದಲ್ಲಿ ಒತ್ತಿ ನೋಡಿರಬಹುದು. ಪಟ್ಟಿಯನ್ನು ಜಾರಿಸುತ್ತಾ ಹೋಗುವಾಗ ನಿಮ್ಮ ಹೆಸರು ಅರೆಕ್ಷಣ ಅವರ ಪರದೆಯ ಮೇಲೆ ಬಂದಿರಬಹುದು. ಯಂತ್ರದ ಲೆಕ್ಕದಲ್ಲಿ ಅದೂ 'ನೋಡಿದ್ದಾರೆ'. ಬಸ್ಸಿನ ಕಿಟಕಿಯಿಂದ ನಿಮ್ಮ ಮನೆಯ ಛಾವಣಿ ಕಂಡವನೂ ನಿಮ್ಮ ಮನೆಯನ್ನು ಹುಡುಕಿಕೊಂಡು ಬಂದವನೂ ಯಂತ್ರಕ್ಕೆ ಒಂದೇ. ನೋಡಿದ ಎಂಬುದನ್ನು ಹುಡುಕಿದ ಎಂದು ಬರೆಯುವಲ್ಲಿ ಮೋಸ ಇದೆ. ಪತ್ರ ಕಳುಹಿಸಲು ಖರ್ಚು ಇಲ್ಲವೆಂದೇ ಹೇಳಬೇಕು. ಲಕ್ಷ ಮಂದಿಗೆ ಕಳುಹಿಸಿ, ಅವರಲ್ಲಿ ಸಾವಿರಕ್ಕೊಬ್ಬರು ಚಂದಾ ಕಟ್ಟಿದರೂ ಲಾಭವೇ.

ದನದ ಬೆದೆಯ ಉದಾಹರಣೆ ಕೊಟ್ಟರೆ ನಿಮಗೆ ಬೇಗ ತಿಳಿದೀತು. ಹಟ್ಟಿಯಲ್ಲಿ ಒಂದು ದನ ಇನ್ನೊಂದರ ಮೇಲೆ ಹತ್ತಿದರೆ ಹೊಸಬರು ಹತ್ತಿದ ದನವೇ ಬೆದೆಗೆ ಬಂದಿದೆ ಎಂದು ನನಗೆ ಫೋನು ಮಾಡುತ್ತಾರೆ. ಅನುಭವಸ್ಥರು ಹಾಗೆ ಮಾಡುವುದಿಲ್ಲ. ಹತ್ತಿಸಿಕೊಂಡು ಅಲುಗದೆ ನಿಂತ ದನ ಯಾವುದು ಎಂದು ನೋಡುತ್ತಾರೆ. ಈ ಪತ್ರಗಳ ವಿಷಯದಲ್ಲೂ ಗದ್ದಲ ಮಾಡುವವರು ಒಬ್ಬರು, ಆಸೆ ಇರುವುದು ಇನ್ನೊಬ್ಬರಿಗೆ. ನಿಮ್ಮನ್ನು ಕಾಣಬೇಕೆಂಬ ತವಕ ಆ 'ಯಾರೋ' ಒಬ್ಬರಿಗೆ ಇದೆ ಎಂದು ಪತ್ರ ಹೇಳುತ್ತದೆ. ನಿಜವಾಗಿ ತವಕ ಇರುವುದು ಪತ್ರ ಓದುತ್ತಿರುವ ನಿಮಗೆ.

ಇದು ನಮ್ಮ ಹಳ್ಳಿಯವರ ತಿಳುವಳಿಕೆ ಸಾಲದೆ ಆದದ್ದು ಎಂದು ಯಾರೂ ನಾಚಿಕೊಳ್ಳಬೇಕಾಗಿಲ್ಲ. ಕಂಪ್ಯೂಟರ್ ಹುಟ್ಟಿ ಬೆಳೆದ ಅಮೆರಿಕದಲ್ಲೇ ಇದು ಮೊದಲು ನಡೆಯಿತು. ಕ್ಲಾಸ್‌ಮೇಟ್ಸ್ ಡಾಟ್ ಕಾಮ್ ಎಂಬ ತಾಣ 1995ರಲ್ಲಿ ಆರಂಭವಾಯಿತು. ಶಾಲೆಯ ಹಳೆಯ ಸಹಪಾಠಿಗಳನ್ನು ಹುಡುಕಿಕೊಡುವುದೇ ಅದರ ಉದ್ಯೋಗ. ಹೆಸರು ನೋಂದಾಯಿಸುವುದು ಉಚಿತ, ಯಾರು ಬಂದು ನೋಡಿದರೆಂದು ತಿಳಿಯಬೇಕಾದರೆ ಹಣ ಕೊಟ್ಟು ಮೇಲಿನ ದರ್ಜೆಯ ಸದಸ್ಯರಾಗಬೇಕು. 2007ರ ಕ್ರಿಸ್‌ಮಸ್ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದ ಒಬ್ಬರಿಗೆ, ನಿಮ್ಮ ಹಳೆಯ ಸಹಪಾಠಿಗಳು ನಿಮ್ಮನ್ನು ಸಂಪರ್ಕಿಸಲು ಯತ್ನಿಸುತ್ತಿದ್ದಾರೆ ಎಂಬ ಅರ್ಥದ ಇ-ಮೇಲ್ ಬಂತು. ಹಬ್ಬದ ಸಮಯದಲ್ಲಿ ಯಾರಿಗೆ ಹಳೆಯವರ ನೆನಪಾಗುವುದಿಲ್ಲ? ಅವರು 15 ಡಾಲರ್ ಕಟ್ಟಿ ತೆರೆದು ನೋಡಿದರು. ತಮಗೆ ಗೊತ್ತಿರುವ ಸಹಪಾಠಿ ಒಬ್ಬರೂ ಅಲ್ಲಿ ತಮ್ಮನ್ನು ಹುಡುಕಿರಲಿಲ್ಲ ಎಂಬುದು ಅವರ ದೂರು. 2008ರಲ್ಲಿ ಅವರು ತಮ್ಮಂತೆ ಚಂದಾ ಕಟ್ಟಿದ ಎಲ್ಲರ ಪರವಾಗಿ ಮೊಕದ್ದಮೆ ಹೂಡಿದರು.

ಈ ಮೊಕದ್ದಮೆಯ ಮುಂದಿನ ಕಥೆ ನಮಗೆ ಪಾಠ ಹೇಳುವಂತಿದೆ. 2010ರಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೆ 95 ಲಕ್ಷ ಡಾಲರಿನವರೆಗೆ ಕೊಡುವುದಾಗಿ ರಾಜಿಗೆ ಬಂತು. ಕೇಳಲು ದೊಡ್ಡ ಮೊತ್ತ. ಒಳಗೆ ನೋಡಿದರೆ, ಆ ಪತ್ರ ನಂಬಿ ಹಣ ಕಟ್ಟಿದವರಿಗೆ ತಲಾ 3 ಡಾಲರ್ ನಗದು, ಉಳಿದ ಕೋಟ್ಯಂತರ ಮಂದಿಗೆ ಮುಂದೆ ಅದೇ ತಾಣದಲ್ಲಿ ಚಂದಾ ಕಟ್ಟುವಾಗ 2 ಡಾಲರ್ ರಿಯಾಯಿತಿ. ಹುಳಿ ಹಾಲು ಮಾರಿದವನು, ಮುಂದಿನ ಸಲ ನನ್ನಲ್ಲೇ ಹಾಲು ತೆಗೆದುಕೊಳ್ಳಿ, ಎಂಟಾಣೆ ಬಿಡುತ್ತೇನೆ ಎಂದ ಹಾಗೆ. ಸಿಯಾಟಲ್ ನಗರದ ನ್ಯಾಯಾಧೀಶರು 2011ರಲ್ಲಿ ಈ ರಾಜಿಗೆ ಒಪ್ಪಿಗೆ ಕೊಡಲಿಲ್ಲ. ಬೇರೊಂದು ರಾಜಿ ಆಗಬೇಕಾಯಿತು. ನಮ್ಮ ಸಾಮಾನ್ಯ ಸಭೆಯಲ್ಲಿ ಜಮಾ-ಖರ್ಚು ಓದುವಾಗ ಒಟ್ಟು ಮೊತ್ತ ಕೇಳಿ ಕೈ ಎತ್ತುವವರು ಆ ನ್ಯಾಯಾಧೀಶರನ್ನು ಸ್ವಲ್ಪ ನೆನಪಿಟ್ಟುಕೊಳ್ಳಬಹುದು. ಇದನ್ನು ಕಾರ್ಯದರ್ಶಿಗಳ ಅಪ್ಪಣೆ ಪಡೆಯದೆ ಹೇಳಿದ್ದೇನೆ.

ಇನ್ನೊಂದು ಬಗೆಯ ಪತ್ರವಿದೆ. ಅದರಲ್ಲಿ 'ಯಾರೋ' ಎಂದು ಇರುವುದಿಲ್ಲ, ನಿಮ್ಮ ಪರಿಚಯದವರ ಹೆಸರೇ ಇರುತ್ತದೆ. ಟ್ಯಾಗ್ಡ್ ಎಂಬ ತಾಣದ ಮೇಲೆ ಈ ಆರೋಪ ಬಂತು. ಹೊಸದಾಗಿ ಸೇರಿದವರ ವಿಳಾಸ ಪುಸ್ತಕವನ್ನು ಒಳಗಿನಿಂದ ಎತ್ತಿಕೊಂಡು, ಅದರಲ್ಲಿದ್ದ ಎಲ್ಲರಿಗೂ, ಇಂಥವರು ನಿಮಗೆ ಭಾವಚಿತ್ರ ಕಳುಹಿಸಿದ್ದಾರೆ, ಬಂದು ನೋಡಿ ಎಂದು ಪತ್ರ ಹಾಕುತ್ತಿತ್ತು. ಭಾವಚಿತ್ರ ಕಳುಹಿಸಿದ್ದೇನೆ ಎಂಬುದು ಆ ಮನುಷ್ಯನಿಗೇ ಗೊತ್ತಿರುತ್ತಿರಲಿಲ್ಲ. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಹೇಳಿದ ಪ್ರಕಾರ ಹೀಗೆ ಹೋದ ಪತ್ರಗಳು 6 ಕೋಟಿಗೂ ಹೆಚ್ಚು. 2009ರ ನವೆಂಬರಿನಲ್ಲಿ ನ್ಯೂಯಾರ್ಕ್ ಮತ್ತು ಟೆಕ್ಸಸ್ ರಾಜ್ಯಗಳಿಗೆ ಸೇರಿ ಏಳೂವರೆ ಲಕ್ಷ ಡಾಲರ್ ಕಟ್ಟಲು ಆ ತಾಣ ಒಪ್ಪಿತು. ಉದ್ಯೋಗಸ್ಥರು ಬಳಸುವ ಲಿಂಕ್ಡ್‌ಇನ್ ಕೂಡ ಸದಸ್ಯರ ಹೆಸರಿನಲ್ಲಿ ಅವರ ಪರಿಚಯದವರಿಗೆ ಮೇಲಿಂದ ಮೇಲೆ ನೆನಪೋಲೆ ಕಳುಹಿಸಿದ ಮೊಕದ್ದಮೆಯಲ್ಲಿ 2015ರಲ್ಲಿ 1.3 ಕೋಟಿ ಡಾಲರಿಗೆ ರಾಜಿಯಾಯಿತು. ಸಂಗಾತಿ ಹುಡುಕುವ ತಾಣಗಳನ್ನು ನಡೆಸುವ ಮ್ಯಾಚ್ ಗ್ರೂಪ್ ಮೇಲೆ ಅಲ್ಲಿನ ಕೇಂದ್ರ ಸರ್ಕಾರದ ವ್ಯಾಪಾರ ಆಯೋಗ 2019ರಲ್ಲಿ ಮೊಕದ್ದಮೆ ಹೂಡಿತ್ತು. ನಕಲಿ ಎಂದು ಕಂಪನಿಗೇ ಅನುಮಾನವಿದ್ದ ಖಾತೆಗಳಿಂದ ಬಂದ ಒಲವಿನ ಸಂದೇಶವನ್ನು ತೋರಿಸಿ ಚಂದಾ ಕಟ್ಟಿಸಿಕೊಂಡಿತು ಎಂಬುದು ಅದರಲ್ಲಿದ್ದ ಒಂದು ಆರೋಪ. 2025ರಲ್ಲಿ ಕಂಪನಿ 1.4 ಕೋಟಿ ಡಾಲರ್ ಕೊಡಲು ಒಪ್ಪಿತು. ಮಗಳಿಗೆ ಗಂಡು ನೋಡಲೆಂದು ಮೊಬೈಲಿನಲ್ಲಿ ಹೆಸರು ಹಾಕಿಸಿದ ತಂದೆ-ತಾಯಂದಿರು ಇಲ್ಲಿ ಇದ್ದೀರಿ. ನಿಮಗೂ ಇದು ಅನ್ವಯಿಸುತ್ತದೆ.

ನನಗೂ ಇಂತಹ ಪತ್ರಗಳು ಬರುತ್ತವೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ನಿಮ್ಮ ಸಹಪಾಠಿ ಕಾಯುತ್ತಿದ್ದಾರೆ ಎಂದು. ನಮ್ಮ ತರಗತಿಯವರಲ್ಲಿ ಯಾರಿಗಾದರೂ ನಾನು ಬೇಕಾದರೆ ರಾತ್ರಿ ಹತ್ತು ಗಂಟೆಗೂ ಫೋನು ಮಾಡಿ, ನಿನ್ನ ತಾಲೂಕಿನಲ್ಲಿ ಒಳ್ಳೆಯ ಕರು ಸಿಗುತ್ತದೆಯೇ ಎಂದು ಕೇಳುತ್ತಾರೆ. ಕಾದು ಕುಳಿತುಕೊಳ್ಳುವ ಜಾತಿ ಅವರದ್ದಲ್ಲ.

ನಿಜವಾಗಿ ಹುಡುಕುವವರು ಹೇಗೆ ಹುಡುಕುತ್ತಾರೆ ಎಂಬುದನ್ನು ನೀವು ನೋಡಿದ್ದೀರಿ. 2019ರ ಆಗಸ್ಟ್ ತಿಂಗಳ ಮಳೆಯನ್ನು ಚಾರ್ಮಾಡಿಯವರಿಗೆ ನಾನು ನೆನಪಿಸಬೇಕಾಗಿಲ್ಲ. ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತು. ಮೃತ್ಯುಂಜಯ ನದಿ ಉಕ್ಕಿ ಕೊಳಂಬೆಯ ಮನೆ, ತೋಟಗಳಿಗೆ ಮರಳು, ಮರದ ದಿಮ್ಮಿ ತಂದು ಸುರಿಯಿತು. ಆಗ ದೂರದಲ್ಲಿದ್ದ ಮಕ್ಕಳು, ನೆಂಟರು ನಿಮ್ಮನ್ನು ಹುಡುಕಿದರು. ನಿಮ್ಮ ಫೋನು ಸಿಗದಿದ್ದರೆ ಪಕ್ಕದ ಮನೆಗೆ, ಅದೂ ಸಿಗದಿದ್ದರೆ ಕಕ್ಕಿಂಜೆಯ ಅಂಗಡಿಗೆ, ಡೈರಿಗೆ ಕರೆ ಮಾಡಿ, ಇಂಥವರ ಮನೆಯವರು ಕ್ಷೇಮವೇ ಎಂದು ವಿಚಾರಿಸಿದರು. ಪ್ರತಿಯೊಬ್ಬರೂ ಮೊದಲು ತಮ್ಮ ಹೆಸರು ಹೇಳಿದರು, ಆಮೇಲೆ ನಿಮ್ಮ ಹೆಸರು ಹೇಳಿದರು. ನಾನು ಯಾರೆಂದು ತಿಳಿಯಬೇಕಾದರೆ ಹಣ ಕಟ್ಟಿ ಎಂದು ಒಬ್ಬರೂ ಹೇಳಲಿಲ್ಲ.

ಡೈರಿಗೆ ಬಂದ ಹಾಲನ್ನು ಬೆಳ್ಳಗಿದೆ ಎಂಬ ಕಾರಣಕ್ಕೆ ನಮ್ಮ ಹಾಲು ಪರೀಕ್ಷಕರು ಬರೆದುಕೊಳ್ಳುವುದಿಲ್ಲ. ಲ್ಯಾಕ್ಟೋಮೀಟರ್ ಇಳಿಸುತ್ತಾರೆ, ಜಿಡ್ಡು ನೋಡುತ್ತಾರೆ. ಪತ್ರ ಬಂದಾಗ ನೀವೂ ಅಷ್ಟು ಮಾಡಿ. ಹುಡುಕುತ್ತಿರುವವರ ಹೆಸರು ಇದೆಯೇ ನೋಡಿ. ಹೆಸರಿದ್ದರೆ ಅವರ ನಂಬರ್ ನಿಮ್ಮಲ್ಲಿ ಮೊದಲೇ ಇದೆಯೇ, ಇಬ್ಬರನ್ನೂ ಬಲ್ಲ ಮೂರನೆಯವರು ಯಾರು ಎಂದು ನೋಡಿ, ಅವರಿಗೆ ಫೋನು ಮಾಡಿ ಕೇಳಿ. ಪತ್ರದೊಳಗಿನ ಗುಂಡಿಯನ್ನು ಒತ್ತಿ ಕೇಳಬೇಡಿ. 'ಇಂದೇ ಕೊನೆಯ ದಿನ', '24 ಗಂಟೆಯೊಳಗೆ ನೋಡದಿದ್ದರೆ ಅಳಿಸಲಾಗುವುದು' ಎಂದಿದ್ದರೆ ಅದು ವ್ಯಾಪಾರದ ಪತ್ರ ಎಂದು ತಿಳಿಯಿರಿ. ಇಪ್ಪತ್ತು ವರ್ಷ ಕಾದ ಗೆಳೆಯ ಇಪ್ಪತ್ತೈದನೆಯ ಗಂಟೆಗೆ ಮಾಯವಾಗುವುದಿಲ್ಲ.

ಹಣ ಆಗಲೇ ಕಟ್ಟಿದ್ದರೆ ಮಾಡಬೇಕಾದ ಮೊದಲ ಕೆಲಸ ತಿಂಗಳ ಕಡಿತವನ್ನು ನಿಲ್ಲಿಸುವುದು. ಇದು ಬಹಳ ಮಂದಿಗೆ ತಿಳಿಯದ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಣ ಕಳುಹಿಸುವ ಯುಪಿಐ ಆ್ಯಪಿನಲ್ಲಿ 'ಆಟೋಪೇ' ಅಥವಾ 'ಮ್ಯಾಂಡೇಟ್' ಎಂಬ ವಿಭಾಗ ಇದೆ. ತಾನಾಗಿ ಹಣ ಎಳೆದುಕೊಳ್ಳಲು ನೀವು ಯಾರಿಗೆಲ್ಲ ಒಪ್ಪಿಗೆ ಕೊಟ್ಟಿದ್ದೀರಿ ಎಂಬ ಪಟ್ಟಿ ಅಲ್ಲಿರುತ್ತದೆ. ಬೇಡದ್ದನ್ನು ಅಲ್ಲಿಯೇ ರದ್ದು ಮಾಡಬಹುದು. ಡೆಬಿಟ್ ಕಾರ್ಡಿನ ಮೂಲಕ ಕಟ್ಟಿದ್ದರೆ ಬ್ಯಾಂಕಿಗೆ ಹೋಗಿ ಲಿಖಿತ ಅರ್ಜಿ ಕೊಡಿ. ಆ್ಯಪನ್ನು ಅಳಿಸಿಬಿಟ್ಟರೆ ಕಡಿತ ನಿಲ್ಲುತ್ತದೆ ಎಂದು ಕೆಲವರ ಎಣಿಕೆ. ನಿಲ್ಲುವುದಿಲ್ಲ. ಹಟ್ಟಿಯ ಬಾಗಿಲು ಮುಚ್ಚಿದರೆ ಉಣ್ಣೆ ದನದ ಮೈ ಬಿಟ್ಟು ಹೋಗುತ್ತದೆಯೇ? ಹೀಗೆ ತಾನಾಗಿ ಆಗುವ ಕಡಿತಗಳ ಬಗ್ಗೆ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಬಿಗಿಯಾಗಿದೆ. ಮೊದಲ ಒಪ್ಪಿಗೆಗೆ ನಿಮ್ಮ ದೃಢೀಕರಣ ಬೇಕು, ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು. ನಾನು ಹೇಳಿದ ಸದಸ್ಯೆಗೆ ಐದು ಸಂದೇಶಗಳೂ ಬಂದಿದ್ದವು, ಇಂಗ್ಲಿಷಿನಲ್ಲಿ. ಬ್ಯಾಂಕುಗಳು ಈ ಸಂದೇಶವನ್ನು ಕನ್ನಡದಲ್ಲಿ ಕಳುಹಿಸುವಂತೆ ನಾವು ಸಂಘಗಳ ಮೂಲಕ ಒತ್ತಾಯಿಸಬೇಕು ಎಂಬುದು ನನ್ನ ಸ್ವಂತ ಅಭಿಪ್ರಾಯ. ಅಷ್ಟರವರೆಗೆ ಬಟವಾಡೆ ಜಮೆಯಾದ ದಿನ ಖಾತೆಯ ಸಂದೇಶಗಳನ್ನು ಮನೆಯ ಓದಿದವರಿಂದ ಒಮ್ಮೆ ಓದಿಸಿಕೊಳ್ಳಿ.

ಕಾನೂನು ಏನು ಹೇಳುತ್ತದೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತು ಶಿಕ್ಷಾರ್ಹ. ಆ ಕಾಯ್ದೆಯಡಿ 2020ರಲ್ಲಿ ರಚನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ 10 ಲಕ್ಷ ರೂಪಾಯಿಯವರೆಗೆ, ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸುವ ಅಧಿಕಾರ ಇದೆ. 2023ರ ನವೆಂಬರ್ 30ರಂದು ಅದು ಹೊರಡಿಸಿದ ಮಾರ್ಗಸೂಚಿಯಲ್ಲಿ ಮೊಬೈಲಿನಲ್ಲಿ ಗ್ರಾಹಕರನ್ನು ಸಿಕ್ಕಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿದೆ. ಸುಳ್ಳು ಅವಸರ ಹುಟ್ಟಿಸುವುದು, ಸೇರಲು ಸುಲಭ ಮಾಡಿ ಬಿಡಲು ಕಷ್ಟ ಮಾಡುವ ಚಂದಾ ಬಲೆ, ಜಾಹೀರಾತನ್ನು ಬೇರೆ ವೇಷದಲ್ಲಿ ತೋರಿಸುವುದು ಇವೆಲ್ಲ ಅದರಲ್ಲಿ ಇವೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ತಾಣ ಹೊರದೇಶದ್ದಾಗಿದ್ದು ಭಾರತದಲ್ಲಿ ಕಚೇರಿಯೇ ಇಲ್ಲದಿದ್ದರೆ ಹಣ ಹಿಂದೆ ಬರುವುದು ಕಷ್ಟ ಎಂಬುದನ್ನೂ ಮುಚ್ಚಿಡದೆ ಹೇಳಬೇಕು.

ಇದುವರೆಗೆ ಹೇಳಿದ್ದು ಅರೆಸತ್ಯ ಹೇಳಿ ಚಂದಾ ವಸೂಲು ಮಾಡುವ ವ್ಯಾಪಾರಿಗಳ ಮಾತು. ಇದೇ ಹಾದಿಯಲ್ಲಿ ಶುದ್ಧ ಕಳ್ಳರೂ ಬರುತ್ತಾರೆ. ಹಳೆಯ ಗೆಳೆಯನ ಭಾವಚಿತ್ರ ಕದ್ದು ಹಾಕಿಕೊಂಡು ಆಸ್ಪತ್ರೆಯಲ್ಲಿದ್ದೇನೆ, ಹಣ ಕಳುಹಿಸು ಎನ್ನುವವರು. ವಿದೇಶದಿಂದ ಉಡುಗೊರೆ ಕಳುಹಿಸಿದ್ದೇನೆ, ಸುಂಕ ಕಟ್ಟಿ ಬಿಡಿಸಿಕೋ ಎನ್ನುವವರು. ಪಿಎಂ ಕಿಸಾನ್ ಹಣ ಎಂದೋ ವಾಹನದ ದಂಡ ಎಂದೋ ಎಪಿಕೆ ಎಂಬ ಕಡತ ಕಳುಹಿಸಿ ಇಡೀ ಮೊಬೈಲನ್ನೇ ಕೈವಶ ಮಾಡಿಕೊಳ್ಳುವವರು. ಇವರ ವಿಷಯದಲ್ಲಿ ಯೋಚಿಸುತ್ತಾ ಕೂರಬೇಡಿ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ. ಹೊಟ್ಟೆ ಉಬ್ಬರಿಸಿದ ದನದ ಹಾಗೆ ಇದು, ಮೊದಲ ಗಂಟೆಯಲ್ಲಿ ಮಾಡಿದ ಚಿಕಿತ್ಸೆಯೇ ಚಿಕಿತ್ಸೆ.

ಬೇಡದ ಪತ್ರಗಳು ನಿಲ್ಲಬೇಕಾದರೆ, ನೀವೇ ಸೇರಿದ ತಾಣವಾದರೆ ಪತ್ರದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ 'ಅನ್‌ಸಬ್‌ಸ್ಕ್ರೈಬ್' ಎಂದಿರುತ್ತದೆ, ಅದನ್ನು ಒತ್ತಬಹುದು. ಗುರುತೇ ಇಲ್ಲದವರ ಪತ್ರವಾದರೆ ಅದನ್ನೂ ಒತ್ತಬೇಡಿ, 'ಸ್ಪ್ಯಾಮ್' ಎಂದು ಗುರುತು ಮಾಡಿ ಬಿಟ್ಟುಬಿಡಿ. ಹೊಸ ಆ್ಯಪ್ ಹಾಕುವಾಗ ನಿಮ್ಮ ಫೋನಿನಲ್ಲಿರುವ ನಂಬರುಗಳನ್ನು ನೋಡಲು ಅನುಮತಿ ಕೇಳಿದರೆ ಕಾರಣವಿಲ್ಲದೆ ಕೊಡಬೇಡಿ. ಅದು ನಿಮ್ಮೊಬ್ಬರ ಪುಸ್ತಕವಲ್ಲ, ಅದರಲ್ಲಿ ಇಡೀ ಊರಿನ ವಿಳಾಸ ಇದೆ.

ಭಾಷಣದ ನಡುವೆ ಮಹಿಳಾ ಸದಸ್ಯರೊಬ್ಬರು ಚೀಟಿ ಬರೆದು ಕಳುಹಿಸಿದ್ದಾರೆ. 'ಹಾಗಾದರೆ ನಿಜವಾಗಿ ನಮ್ಮವರನ್ನು ಹುಡುಕಬೇಕಾದರೆ ಏನು ಮಾಡುವುದು?' ಎಂಬುದು ಅವರ ಪ್ರಶ್ನೆ. ಇಡೀ ಭಾಷಣಕ್ಕಿಂತ ಈ ಪ್ರಶ್ನೆ ದೊಡ್ಡದು.

ಓದಿದ ಶಾಲೆಯಿಂದ ಆರಂಭಿಸಿ. ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು, ಹುಟ್ಟಿದ ದಿನಾಂಕ, ಶಾಲೆ ಬಿಟ್ಟ ದಿನಾಂಕ ಇರುತ್ತದೆ. ಹೆಸರು ಒಂದೇ ಇರುವ ಹತ್ತು ಮಂದಿಯಲ್ಲಿ ನಿಮ್ಮವರು ಯಾರೆಂದು ಗುರುತಿಸಲು ಇದು ಬೇಕು. ಹಳೆ ವಿದ್ಯಾರ್ಥಿ ಸಂಘ ಇದ್ದರೆ ಅದರ ವಾಟ್ಸಾಪ್ ಬಳಗದಲ್ಲಿ ಕೇಳಿಸಿ. ಮುಂಬಯಿಗೆ ಹೋದವರಾದರೆ ಅಲ್ಲಿ ನಮ್ಮ ಜಿಲ್ಲೆಯವರ ಸಂಘಗಳು ಬಹಳ ಕಾಲದಿಂದ ಇವೆ. ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್, ಮೊಗವೀರ ವ್ಯವಸ್ಥಾಪಕ ಮಂಡಳಿ, ಬೇರೆ ಬೇರೆ ಬಡಾವಣೆಗಳ ಕನ್ನಡ ಸಂಘಗಳು. ಒಂದು ಭಾವಚಿತ್ರ, ಮನೆತನದ ಹೆಸರು, ಊರು ಬರೆದು ಕಳುಹಿಸಿದರೆ ಹಳಬರಲ್ಲಿ ಯಾರಿಗಾದರೂ ಗುರುತು ಹತ್ತುವ ಸಾಧ್ಯತೆ ಇದೆ. ಮುಂಬಯಿ ಕನ್ನಡಿಗರು ಓದುವ ಪತ್ರಿಕೆಯಲ್ಲಿ ಒಂದು ಸಣ್ಣ ಪ್ರಕಟಣೆ ಕೊಡಬಹುದು. ಗಲ್ಫಿನಲ್ಲಿರುವವರ ಸುದ್ದಿಯೇ ಇಲ್ಲವಾದರೆ ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ 'ಮದದ್' ಎಂಬ ತಾಣದಲ್ಲಿ ಮನೆಯವರು ದೂರು ದಾಖಲಿಸಬಹುದು, ಶುಲ್ಕ ಇಲ್ಲ. ಅವರ ಪಾಸ್‌ಪೋರ್ಟಿನ ಸಂಖ್ಯೆ ಮನೆಯಲ್ಲಿ ಎಲ್ಲಾದರೂ ಇದ್ದರೆ ಹುಡುಕಿಟ್ಟುಕೊಳ್ಳಿ. ಕಾಣೆಯಾದವರ ಬಗ್ಗೆ ಬೆಳ್ತಂಗಡಿಯ ಪೊಲೀಸರಿಗೆ ಲಿಖಿತ ದೂರು ಕೊಡುವುದಕ್ಕೆ ಎಷ್ಟು ವರ್ಷವಾದರೂ ತಡೆ ಇಲ್ಲ.

ಮನೆಯ ಅಟ್ಟದಲ್ಲಿ ಹಳೆಯ ಇನ್‌ಲ್ಯಾಂಡ್ ಪತ್ರಗಳಿದ್ದರೆ ಮಳೆಗಾಲದ ಸ್ವಚ್ಛತೆಯಲ್ಲಿ ಒಲೆಗೆ ಹಾಕಬೇಡಿ. ಹಿಂಬದಿಯಲ್ಲಿ ಕಳುಹಿಸಿದವರ ವಿಳಾಸ ಇರುತ್ತದೆ, ಹೋಟೆಲಿನ ಹೆಸರು ಇರುತ್ತದೆ, ಇವೆರಡೂ ಅಳಿಸಿದ್ದರೆ ಅಂಚೆ ಮುದ್ರೆಯಲ್ಲಿ ಬಡಾವಣೆಯ ಹೆಸರಾದರೂ ಉಳಿದಿರುತ್ತದೆ. ಅಂತಹ ಪತ್ರ ಇರುವವರು ನಾಳೆ ಬೆಳಿಗ್ಗೆ ಹಾಲು ತರುವಾಗ ಅದನ್ನೂ ತನ್ನಿ. ಮುಂಬಯಿಯ ಸಂಘಗಳಿಗೆ ಕಾಗದ ಬರೆದುಕೊಡಲು ಕಾರ್ಯದರ್ಶಿಯವರು ಒಪ್ಪಿದ್ದಾರೆ.